ಆನ್‌ಲೈನ್‌ನಲ್ಲಿ ಹಳೆ ಪಾರ್ಕರ್ ಪೆನ್ನು ಮಾರುವವರನ್ನು ನಂಬಬಹುದಾ?

ಹಳೆ ಇಂಕ್ ಪೆನ್ನು ರಿಪೇರಿ ಮಾಡುವ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇರುತ್ತವೆ. ಎರಡು ಮಸುಕು ಫೋಟೋ, ಒಂದು ರೇಟು, ಕೆಳಗೆ 'ತಗೊಳ್ಳಬಹುದಾ ಸರ್?' ಅಂತ ಒಂದು ಸಾಲು. ಎಷ್ಟೋ ಸಲ ಆ ಹೊತ್ತಿಗೆ ದುಡ್ಡು ಕೊಟ್ಟೂ ಆಗಿರುತ್ತದೆ. ಕೊಟ್ಟ ಮೇಲೆ ಕೇಳಿದರೆ ನಾನೇನು ಹೇಳಲಿ? ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಉದ್ದವಾಗಿ ಉತ್ತರ ಬರೆಯುತ್ತಿದ್ದೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು. ಇಂಕು ತುಂಬುವುದು ಹೇಗೆ, ಪೆನ್ನು ತೊಳೆಯುವುದು ಹೇಗೆ ಅನ್ನುವುದನ್ನು ಇಲ್ಲಿ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಒಬ್ಬರು ಪಾರ್ಕರ್ 51 ಮಾರಾಟಕ್ಕೆ ಹಾಕಿದ್ದಾರೆ. 'ತಾತ 1942ರಲ್ಲಿ ಕೊಂಡಿದ್ದು, ತುಂಬಾ ಅಪರೂಪ, ಅಂದಿನಿಂದ ಯಾರೂ ಬಿಚ್ಚಿಲ್ಲ, ಚೆನ್ನಾಗಿ ಬರೆಯುತ್ತೆ' ಅಂತ ಬರೆದಿದ್ದಾರೆ. ರೇಟು 9,500. ಇವತ್ತೇ ಯುಪಿಐ ಮಾಡಿದರೆ 8,000ಕ್ಕೆ ಕೊಡ್ತಾರಂತೆ. ಅವರಿಗೆ 4.8 ಸ್ಟಾರ್ ಇದೆ. ಫೋಟೋ ಕಳಿಸಿದ್ದೇನೆ. ನಂಬಬಹುದಾ? (ಮೈಸೂರಿನ ಓದುಗರು)

ಇವತ್ತು ದುಡ್ಡು ಹಾಕಬೇಡಿ. ನಾಳೆ ಹಾಕಬಹುದಾ ಅನ್ನುವುದು ಅವರು ಕೊಡುವ ಉತ್ತರದ ಮೇಲೆ ನಿಂತಿದೆ.

ನೀವು ಕಳಿಸಿದ ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ. ಬ್ಯಾರೆಲ್, ಅಂದರೆ ಪೆನ್ನಿನ ಹಿಂಭಾಗದ ಕೊಳವೆ, ಬಿಚ್ಚಿಟ್ಟಿದ್ದಾರೆ. ಒಳಗೆ ಹೊಳೆಯುವ ಲೋಹದ ಕವಚ ಇದೆ, ಅದರ ನಡುವೆ ಬೆರಳಿಂದ ಒತ್ತುವ ಗೀರುಗೀರಿನ ಪಟ್ಟಿ ಇದೆ. ಇಂಕು ತುಂಬುವ ಈ ವ್ಯವಸ್ಥೆಗೆ ಏರೋಮೆಟ್ರಿಕ್ ಅಂತ ಹೆಸರು. ಪಾರ್ಕರ್ 51ಕ್ಕೆ ಇದು ಬಂದದ್ದು 1948ರಲ್ಲಿ. ಅದಕ್ಕೂ ಹಿಂದಿನ 51ಗಳು ಬಹುಮಟ್ಟಿಗೆ ವ್ಯಾಕ್ಯೂಮ್ಯಾಟಿಕ್ ಅನ್ನುವ ಬೇರೆ ಬಗೆಯವು. ಅವುಗಳ ಹಿಂತುದಿಯಲ್ಲಿ ಸಣ್ಣ ಮುಚ್ಚಳ ಇರುತ್ತದೆ, ಅದನ್ನು ಬಿಚ್ಚಿದರೆ ಹೆಬ್ಬೆರಳಲ್ಲಿ ಒತ್ತುವ ಗುಂಡಿ. 1942ರಲ್ಲಿ ತಾತ ಕೊಂಡ ಪೆನ್ನಿನಲ್ಲಿ 1948ರ ಭಾಗ ಇರಲು ಸಾಧ್ಯವೇ ಇಲ್ಲ.

ಹಾಗಂತ ಅವರು ಕಳ್ಳರು ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಹೇಳಿಕೊಂಡು ಬಂದ ಇಸವಿಗಳು ಹಿಂದೆ ಮುಂದೆ ಆಗುವುದು ಸಹಜ. ನೀವು ಈ ವಿಷಯವನ್ನೇ ಅವರ ಮುಂದಿಡಿ. 'ಇದು 1948ರ ನಂತರದ್ದು ಅನಿಸುತ್ತೆ, ಅಲ್ವಾ?' ಅಂತ ಕೇಳಿ. 'ಓ, ನನಗೆ ಗೊತ್ತಿರಲಿಲ್ಲ, ತಿದ್ದುತ್ತೇನೆ' ಅಂದು ತಿದ್ದಿದರೆ ಆ ಮನುಷ್ಯರ ಜೊತೆ ಮಾತು ಮುಂದುವರಿಸಿ. 'ಬೇಕಾದರೆ ತಗೊಳ್ಳಿ, ಇನ್ನೂ ಮೂರು ಜನ ಕಾಯ್ತಿದ್ದಾರೆ' ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಮಾರುವವರನ್ನು ಅಳೆಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಇದೇ: ಪೆನ್ನಿನ ಬಗ್ಗೆ ಒಂದು ಖಚಿತವಾದ ಪ್ರಶ್ನೆ ಕೇಳಬೇಕು, ಬಂದ ಉತ್ತರ ನೋಡಬೇಕು. ಸ್ಟಾರ್ ಎಷ್ಟಿದೆ ಅನ್ನುವುದೆಲ್ಲ ಆಮೇಲೆ.

'ಅಂದಿನಿಂದ ಯಾರೂ ಬಿಚ್ಚಿಲ್ಲ, ಚೆನ್ನಾಗಿ ಬರೆಯುತ್ತೆ' ಅನ್ನುವ ಮಾತು ವ್ಯಾಕ್ಯೂಮ್ಯಾಟಿಕ್ ಬಗ್ಗೆ ಬಂದಿದ್ದರೆ ನಾನು ಅಲ್ಲೇ ನಿಲ್ಲಿಸುತ್ತಿದ್ದೆ. ಅದರೊಳಗೆ ಇಂಕು ಎಳೆದುಕೊಳ್ಳಲು ರಬ್ಬರಿನ ತೆಳು ಪರದೆ, ಡಯಾಫ್ರಮ್, ಇರುತ್ತದೆ. 1940ರ ದಶಕದ ಆ ರಬ್ಬರ್ ಇಷ್ಟು ಹೊತ್ತಿಗೆ ಒಂದೋ ಗಟ್ಟಿಯಾಗಿ ಪುಡಿಪುಡಿ ಆಗಿರುತ್ತದೆ, ಇಲ್ಲಾ ಅಂಟಂಟಾಗಿ ಕರಗಿರುತ್ತದೆ. ಪೆನ್ನು ನಿಜವಾಗಿಯೂ ಬರೆಯುತ್ತಿದ್ದರೆ ಯಾರೋ ಬಿಚ್ಚಿ ಹೊಸದು ಹಾಕಿದ್ದಾರೆ ಅಂತಲೇ ಅರ್ಥ. ಯಾರೂ ಬಿಚ್ಚಿಲ್ಲ ಅಂದರೆ ಬರೆಯುವುದಿಲ್ಲ. ಎರಡೂ ಒಟ್ಟಿಗೆ ನಿಜ ಆಗುವುದಿಲ್ಲ. 'ಡಯಾಫ್ರಮ್ ಯಾವಾಗ ಬದಲಾಯಿಸಿದ್ದು, ಯಾರು ಮಾಡಿದ್ದು?' ಅಂತ ಕೇಳಿದರೆ ಪೆನ್ನು ಗೊತ್ತಿರುವ ಮಾರಾಟಗಾರ ಖುಷಿಯಿಂದ ಹೇಳುತ್ತಾನೆ. ಏರೋಮೆಟ್ರಿಕ್ ಕಥೆ ಬೇರೆ. ಅದರ ಟ್ಯೂಬು ರಬ್ಬರಿನದಲ್ಲ, ಪ್ಲಿ-ಗ್ಲಾಸ್ ಅನ್ನುವ ಪ್ಲಾಸ್ಟಿಕ್ಕಿನದು. ಎಪ್ಪತ್ತು ವರ್ಷ ಆದರೂ ಗಟ್ಟಿಮುಟ್ಟಾಗಿರುವ ಟ್ಯೂಬುಗಳು ಎಷ್ಟೋ ಇವೆ. ಹಾಗಾಗಿ ನಿಮ್ಮ ಪೆನ್ನು ಬಿಚ್ಚದೆಯೂ ಬರೆಯುತ್ತಿರಬಹುದು. ಆದರೆ ತೋರಿಸಲಿ.

ತೋರಿಸುವುದು ಸುಲಭ. ಬ್ಯಾರೆಲ್ ತೆಗೆದು, ನಿಬ್ಬನ್ನು ಒಂದು ಲೋಟ ನೀರಿನಲ್ಲಿ ಅದ್ದಿ, ಪಟ್ಟಿಯನ್ನು ಒತ್ತಬೇಕು. ನಿಬ್ಬಿನ ಕಡೆಯಿಂದ ಗುಳ್ಳೆ ಬರಬೇಕು. ನಾಲ್ಕಾರು ಸಲ ಒತ್ತಿ ಮೇಲೆತ್ತಿ, ನಿಬ್ ಕೆಳಗೆ ಮಾಡಿ ಒಂದು ನಿಮಿಷ ಹಿಡಿದರೆ ಹನಿ ಬೀಳಬಾರದು. ಮೊಬೈಲಲ್ಲಿ ಎರಡು ನಿಮಿಷದ ವಿಡಿಯೋ ಸಾಕು. ಇಷ್ಟು ಸುಲಭ ಇರುವಾಗ 'ಅನ್‌ಟೆಸ್ಟೆಡ್' ಅಂತ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮನೆ ಖಾಲಿ ಮಾಡುವಾಗ ಸಿಕ್ಕಿದ್ದನ್ನು ಮಾರುವ ಗುಜರಿಯವರು ಹಾಗೆ ಬರೆದರೆ ಒಪ್ಪೋಣ, ಅವರ ರೇಟೂ ಹಾಗೇ ಇರುತ್ತದೆ. ಐವತ್ತು ಪೆನ್ನು ಮಾರಿದವನು ಅನ್‌ಟೆಸ್ಟೆಡ್ ಅಂದರೆ ಟೆಸ್ಟ್ ಮಾಡಿದ್ದಾನೆ, ಅದು ಬರೆಯಲಿಲ್ಲ ಅಂತಲೇ ತಿಳಿದುಕೊಳ್ಳಿ.

ಮುಂದಿನದು ನಿಬ್ಬು. ನಿಮಗೆ ಬಂದ ಐದು ಫೋಟೋದಲ್ಲಿ ನಾಲ್ಕು ಕ್ಯಾಪಿನದು. ಸೆರಗು ಮಾತ್ರ ಬಿಚ್ಚಿ ತೋರಿಸಿ ಒಡಲು ಮಡಿಚಿಡುವ ಸೀರೆ ಅಂಗಡಿಯವರ ಹಾಗಾಯಿತು ಇದು. 51ರ ನಿಬ್ಬು ಮುಸುಕಿನೊಳಗೆ ಅಡಗಿರುತ್ತದೆ, ಹೊರಗೆ ಕಾಣುವುದು ತುದಿ ಮಾತ್ರ. ಆ ತುದಿಯ ಫೋಟೋ ಮೂರು ಕಡೆಯಿಂದ ಕೇಳಿ: ಎದುರಿನಿಂದ, ಪಕ್ಕದಿಂದ, ಕೆಳಗಿನಿಂದ. ಎದುರಿನಿಂದ ನೋಡಿದರೆ ತುದಿಯ ಗುಂಡು ನಡುವೆ ಸೀಳಿ ಎರಡು ಹೋಳಾಗಿ ಕಾಣಬೇಕು. ಎರಡೂ ಒಂದೇ ಮಟ್ಟದಲ್ಲಿ, ಒಂದೇ ಗಾತ್ರದಲ್ಲಿ ಇರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಸರಿ ಮಾಡಬಹುದು. ಒಂದು ಹೋಳು ಇಲ್ಲವೇ ಇಲ್ಲ ಅಂದರೆ ಆ ನಿಬ್ಬಿನ ಕಥೆ ಮುಗಿಯಿತು. ಹೊಸ ತುದಿ ಬೆಸುಗೆ ಹಾಕಿಸುವುದಕ್ಕೆ ಆಗುವ ಖರ್ಚಿನಲ್ಲಿ ಇನ್ನೊಂದು ಪೆನ್ನೇ ಬರಬಹುದು. ಪಕ್ಕದಿಂದ ನೋಡಿದಾಗ ಅಡಿಭಾಗ ಚಪ್ಪಟೆಯಾಗಿ ಸವೆದಿದ್ದರೆ ಹಿಂದಿನ ಮಾಲೀಕ ವರ್ಷಗಟ್ಟಲೆ ಒಂದೇ ಓರೆಯಲ್ಲಿ ಬರೆದಿದ್ದಾನೆ ಅಂತ. ನಿಮ್ಮ ಕೈಗೆ ಅದು ಕೆರೆಯುತ್ತದೆ. 'ನನ್ನ ಮೊಬೈಲಲ್ಲಿ ಅಷ್ಟು ಹತ್ತಿರ ಫೋಟೋ ಬರಲ್ಲ' ಅನ್ನುವ ನೆಪ ಬರುತ್ತದೆ. ಕ್ಯಾಪಿನ ಕ್ಲಿಪ್ಪಿನ ಮೇಲಿರುವ ಬಾಣದ ಗರಿಗಳನ್ನು ಎಣಿಸುವಷ್ಟು ಹತ್ತಿರದಿಂದ ತೆಗೆದವರಿಗೆ ತುದಿ ತೆಗೆಯಲು ಬರುವುದಿಲ್ಲವಾ?

ಇನ್ನು ಪೆನ್ನು ಪಾರ್ಕರ್ 51 ಹೌದೋ ಅಲ್ಲವೋ. ಒಳಗಿನ ಲೋಹದ ಕವಚದ ಮೇಲೆ ಪಾರ್ಕರ್ 51 ಅಂತ, ಇಂಕು ತುಂಬುವ ವಿಧಾನ, ತಯಾರಾದ ದೇಶ ಎಲ್ಲ ಕೊರೆದಿರುತ್ತದೆ. ಅದನ್ನು ಓದಲು ಬರುವಂಥ ಫೋಟೋ ಬೇಕು. ಪಾರ್ಕರ್ 21 ಅಂತ ಇನ್ನೊಂದಿದೆ. ನೋಡಲು ಅಣ್ಣತಮ್ಮ, ಆದರೆ ಅಗ್ಗದ ಪ್ಲಾಸ್ಟಿಕ್ಕು, ಚಿನ್ನದ ನಿಬ್ಬಲ್ಲ, ಮುಸುಕು ಬಿರುಕು ಬಿಡುವುದು ಜಾಸ್ತಿ. ಅದನ್ನು 51 ಅಂತ ಮಾರುವವರಿದ್ದಾರೆ. ಚೀನಾದ ಹೀರೋ 616ಕ್ಕೆ ಯಾರೋ ಪಾರ್ಕರ್ ಕ್ಯಾಪ್ ಸಿಕ್ಕಿಸಿದ್ದನ್ನೂ ಕಂಡಿದ್ದೇನೆ. ಕ್ಯಾಪಿನ ಮೇಲೆ ಮೇಡ್ ಇನ್ ಇಂಗ್ಲೆಂಡ್, ಒಳಗಿನ ಕವಚದ ಮೇಲೆ ಮೇಡ್ ಇನ್ ಯುಎಸ್‌ಎ ಅಂತ ಇದ್ದರೆ ಎರಡು ಪೆನ್ನು ಕೂಡಿಸಿ ಒಂದು ಮಾಡಿದ್ದಾರೆ. ಬರೆಯಲು ಅದರಿಂದ ತೊಂದರೆ ಇಲ್ಲ. ಆದರೆ ಅದಕ್ಕೆ 'ಅಪರೂಪ' ಅನ್ನುವ ರೇಟು ಕೊಡಬೇಡಿ. ಅಂದ ಹಾಗೆ, ಪಾರ್ಕರ್ 51 ಅಪರೂಪದ ಪೆನ್ನೇ ಅಲ್ಲ. ಲಕ್ಷಗಟ್ಟಲೆ ಮಾರಾಟ ಆದ ಪೆನ್ನು ಅದು. ಇದು ಕೈತಪ್ಪಿದರೆ ಇನ್ನೊಂದು ಸಿಗುತ್ತದೆ. ಹಾಗಾಗಿ 'ಇವತ್ತೇ' ಅನ್ನುವ ಅವಸರಕ್ಕೆ ನೀವು ಬೀಳಲು ಕಾರಣವೇ ಇಲ್ಲ.

ಫೋಟೋಗಳು ಅವರದ್ದೇನಾ ಅನ್ನುವುದನ್ನೂ ನೋಡಬೇಕು. ನಿಮ್ಮ ಮೊದಲ ಎರಡು ಫೋಟೋದಲ್ಲಿ ಪೆನ್ನು ಮರದ ಮೇಜಿನ ಮೇಲಿದೆ. ಉಳಿದವುಗಳಲ್ಲಿ ಬಿಳಿ ಬಟ್ಟೆ, ಬೆಳಕೇ ಬೇರೆ. ಕ್ಲಿಪ್ಪಿನ ಹತ್ತಿರದ ಗೀರು ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ನನಗೆ ಇದು ಹಿಡಿಸಲಿಲ್ಲ. ಗೂಗಲ್ ಲೆನ್ಸಿಗೆ ಹಾಕಿ ನೋಡಿ, ಬೇರೆ ದೇಶದ ಹಳೆ ಜಾಹೀರಾತಿನಲ್ಲಿ ಇದೇ ಫೋಟೋ ಸಿಕ್ಕರೆ ಆಶ್ಚರ್ಯಪಡಬೇಡಿ. ಸಿಗದಿದ್ದರೂ ಸುಮ್ನೆ ಬಿಡಬೇಡಿ. ಒಂದು ಚೀಟಿಯಲ್ಲಿ ನಿಮ್ಮ ಹೆಸರು, ಇವತ್ತಿನ ತಾರೀಖು ಬರೆದು, ಕ್ಯಾಪ್ ತೆಗೆದ ಪೆನ್ನನ್ನು ಪಕ್ಕದಲ್ಲಿಟ್ಟು ಫೋಟೋ ಕಳಿಸಿ ಅನ್ನಿ. ಆ ಚೀಟಿ ಅದೇ ಪೆನ್ನಿನಲ್ಲಿ ಬರೆದಿದ್ದರೆ ಇನ್ನೂ ಒಳ್ಳೆಯದು. ಈಗ ಫೋಟೋ ತಿದ್ದುವುದು ಮಕ್ಕಳಾಟ, ಅದಕ್ಕೇ ನಾನು ವಿಡಿಯೋ ಕಾಲ್ ಕೇಳುತ್ತೇನೆ. ಕೇಳುವುದಕ್ಕೆ ಸಂಕೋಚ ಏಕೆ? ನಮ್ಮ ಜನ ತರಕಾರಿ ಕೊಳ್ಳುವಾಗ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾರೆ. ಎಂಟು ಸಾವಿರದ ಪೆನ್ನಿಗೆ ಮಾತ್ರ 'ಅವರೇನು ಅಂದುಕೊಳ್ಳುತ್ತಾರೋ' ಅಂತ ಬಾಯಿ ಕಟ್ಟಿಕೊಳ್ಳುತ್ತಾರೆ.

ಸ್ಟಾರ್ ಬಗ್ಗೆ: 4.8 ಅನ್ನುವುದು ಯಾವುದಕ್ಕೆ ಬಂತು ಅಂತ ಒಳಗೆ ಹೋಗಿ ಓದಿ. ಮೊಬೈಲ್ ಕವರ್ ಮಾರಿ ಗಳಿಸಿದ ಸ್ಟಾರಿಗೂ ಪೆನ್ನಿಗೂ ಸಂಬಂಧ ಇಲ್ಲ. ನಾನು ಒಂದು ಸ್ಟಾರ್ ಕೊಟ್ಟವರ ಮಾತನ್ನೇ ಮೊದಲು ಓದುತ್ತೇನೆ, ಅದಕ್ಕೆ ಮಾರುವವರು ಏನು ಉತ್ತರ ಕೊಟ್ಟಿದ್ದಾರೆ ನೋಡುತ್ತೇನೆ. ದೂರು ಬರದ ಮಾರಾಟಗಾರ ಇಲ್ಲ. ದೂರು ಕೊಟ್ಟವರನ್ನು ಬೈದಿದ್ದರೆ ನಾಳೆ ನಿಮ್ಮನ್ನೂ ಬೈಯುತ್ತಾರೆ.

ಕೊನೆಗೆ ದುಡ್ಡು. ಯಾರದೋ ನಂಬರಿಗೆ ನೇರ ಯುಪಿಐ ಮಾಡಿದರೆ ಅದು ಕೈಯಿಂದ ಕೈಗೆ ಕೊಟ್ಟ ಹಣ, ಪೆನ್ನು ಬರದಿದ್ದರೆ ಹಿಂದೆ ತರಿಸಿಕೊಡುವ ವ್ಯವಸ್ಥೆ ಇಲ್ಲ. ಹೊರದೇಶದವರು ಪೇಪಾಲಿನಲ್ಲಿ 'ಫ್ರೆಂಡ್ಸ್ ಅಂಡ್ ಫ್ಯಾಮಿಲಿ' ಅಂತ ಕಳಿಸಿ ಅಂದರೂ ಅಷ್ಟೇ, ಹಾಗೆ ಕಳಿಸಿದ ದುಡ್ಡಿಗೆ ಅವರ ಕೊಳ್ಳುಗರ ರಕ್ಷಣೆ ಸಿಗುವುದಿಲ್ಲ. ಮಧ್ಯದಲ್ಲಿ ದುಡ್ಡು ಹಿಡಿದಿಟ್ಟುಕೊಳ್ಳುವ, ವಾಪಸ್ ಅವಕಾಶ ಇರುವ ಜಾಗದಲ್ಲಿ ಕೊಳ್ಳಿ. 'ತಲುಪಿದ ಮೂರು ದಿನದೊಳಗೆ, ನೀವು ಹೇಳಿದ ಹಾಗೆ ಇಲ್ಲದಿದ್ದರೆ ವಾಪಸ್ ತಗೋತೀರಾ?' ಅಂತ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ನಾನು ನಂಬಿ ಕೊಳ್ಳುವ ಮಾರಾಟಗಾರರು ಕೆಲವರೇ. ಅವರು ಕೇಳುವ ಮುಂಚೆ ಕುಂದು ಹೇಳುತ್ತಾರೆ: 'ಕ್ಯಾಪಿನ ಬಾಯಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಕ್ಲಿಪ್ಪಿನ ಗಿಲೀಟು ಹೋಗಿ ಹಿತ್ತಾಳೆ ಕಾಣುತ್ತೆ.' ನಿಮ್ಮವರ ಜಾಹೀರಾತಿನಲ್ಲಿ ಅಂಥ ಒಂದು ಸಾಲೂ ಇಲ್ಲ. ಎಪ್ಪತ್ತು ವರ್ಷದ ವಸ್ತುವಿನಲ್ಲಿ ಒಂದೂ ಕುಂದಿಲ್ಲವಾ? ನನ್ನ ದುಡ್ಡಾಗಿದ್ದರೆ ನಾನು ಕೊಡುತ್ತಿರಲಿಲ್ಲ.

ಪ್ರಶ್ನೆ: ಕ್ಯಾಶ್ ಆನ್ ಡೆಲಿವರಿ ಆದರೆ ಭಯ ಇಲ್ಲ ಅಲ್ವಾ?

ಇದೆ. ದುಡ್ಡು ಕೊಟ್ಟ ಮೇಲೆ ತಾನೇ ಡಬ್ಬಿ ಬಿಚ್ಚುವುದು? ಒಳಗೆ ಹತ್ತು ರೂಪಾಯಿಯ ಪೆನ್ನಿದ್ದರೆ ತಂದುಕೊಟ್ಟ ಹುಡುಗ ಏನು ಮಾಡುತ್ತಾನೆ? ಬಿಚ್ಚುವುದನ್ನು ಶುರುವಿನಿಂದ ವಿಡಿಯೋ ಮಾಡಿಕೊಳ್ಳಿ, ವಿಳಾಸದ ಚೀಟಿ ಅದರಲ್ಲಿ ಕಾಣಲಿ.

ಪ್ರಶ್ನೆ: ನಿಬ್ಬಿನ ಮೇಲೆ 'ಇರಿಡಿಯಂ ಪಾಯಿಂಟ್ ಜರ್ಮನಿ' ಅಂತಿದೆ. ಇರಿಡಿಯಂಗೆ ಲಕ್ಷಾಂತರ ಬೆಲೆಯಂತೆ. ಮಾರುವವರು 20,000 ಕೇಳುತ್ತಿದ್ದಾರೆ.

ಅಗ್ಗದ ಸ್ಟೀಲ್ ನಿಬ್ಬುಗಳ ಮೇಲೆ ರಾಶಿ ರಾಶಿ ಒತ್ತುವ ಅಕ್ಷರ ಅದು. ಅದು ಕಂಪನಿಯ ಹೆಸರಲ್ಲ. ಜರ್ಮನಿಯಲ್ಲೇ ಆಗಿದೆ ಅನ್ನುವ ಗ್ಯಾರಂಟಿಯೂ ಇಲ್ಲ. ಈಗಿನ ನಿಬ್ಬುಗಳ ತುದಿಯಲ್ಲಿ ಬಹಳಷ್ಟು ಸಲ ಇರಿಡಿಯಂ ಇರುವುದೇ ಇಲ್ಲ, ಬೇರೆ ಗಟ್ಟಿ ಲೋಹಗಳ ಮಿಶ್ರಣ ಇರುತ್ತದೆ. ಇದ್ದರೂ ಸಾಸಿವೆಗಿಂತ ಸಣ್ಣದು. ಅಕ್ಕಿ ಎಳೆಯುವ ಇರಿಡಿಯಂ ಚೊಂಬು ಅಂತ ನಮ್ಮ ಕಡೆ ಎಷ್ಟು ಜನರನ್ನು ಮುಳುಗಿಸಿದ್ದಾರೆ, ಪೇಪರಿನಲ್ಲಿ ಓದಿಲ್ಲವಾ? ಆ ಹೆಸರು ಎತ್ತಿ ರೇಟು ಹೇಳುವವರ ಹತ್ತಿರ ಏನನ್ನೂ ಕೊಳ್ಳಬೇಡಿ.

ಪ್ರಶ್ನೆ: ಸರ್ ಎಂ. ವಿಶ್ವೇಶ್ವರಯ್ಯನವರು ಬಳಸಿದ ಪೆನ್ನು ಅಂತ ಒಬ್ಬರು ತೋರಿಸಿದರು.

ದಾಖಲೆ ಕೇಳಿ. ಇಲ್ಲ ಅಂದರೆ ಅದು ಬರೀ ಹಳೆ ಪೆನ್ನು, ಹಳೆ ಪೆನ್ನಿನ ರೇಟೇ ಅದಕ್ಕೆ.

ಪ್ರಶ್ನೆ: ಅಯಸ್ಕಾಂತಕ್ಕೆ ಅಂಟದಿದ್ದರೆ ನಿಬ್ಬು ಚಿನ್ನದ್ದು ಅಂತ ಅಲ್ವಾ?

ಅಲ್ಲ. ಹಿತ್ತಾಳೆಯೂ ಅಂಟುವುದಿಲ್ಲ, ಕೆಲವು ಸ್ಟೇನ್‌ಲೆಸ್ ಸ್ಟೀಲೂ ಅಂಟುವುದಿಲ್ಲ. 14 ಕ್ಯಾರೆಟ್ ಚಿನ್ನದ ಗುರುತಾದ 14ಕೆ ಅಥವಾ 585 ಅಂತ ಕೊರೆದಿದೆಯಾ ನೋಡಿ. ಕ್ಯಾಪಿನ ಮೇಲೆ '1/10 14ಕೆ' ಅಂತಲೋ 'ಗೋಲ್ಡ್ ಫಿಲ್ಡ್' ಅಂತಲೋ ಇದ್ದರೆ ಅದು ಚಿನ್ನದ ತೆಳು ಪದರ ಅಷ್ಟೇ.

ಪ್ರಶ್ನೆ: ಮಾರುವವರು 'ಸ್ವಲ್ಪ ಕೆರೆಯುತ್ತೆ, ಮರಳು ಕಾಗದಕ್ಕೆ ಉಜ್ಜಿ, ಟೂತ್‌ಪೇಸ್ಟಲ್ಲಿ ಪಾಲಿಶ್ ಮಾಡಿ, ಕುದಿಯುವ ನೀರಿಗೆ ಹಾಕಿ, ಎಲ್ಲ ಸರಿಹೋಗುತ್ತೆ' ಅಂದರು. ವಿಡಿಯೋನೂ ಕಳಿಸಿದ್ದಾರೆ.

ಈ ವಿಡಿಯೋ ವೈದ್ಯರಿಂದ ಹಾಳಾದ ಪೆನ್ನುಗಳು ನನ್ನ ಮೇಜಿಗೆ ಬರುತ್ತಲೇ ಇವೆ. ಮರಳು ಕಾಗದಕ್ಕೆ ಉಜ್ಜಿದರೆ ತುದಿಯ ಗಟ್ಟಿ ಲೋಹವೇ ಹೋಗುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ. ಟೂತ್‌ಪೇಸ್ಟ್ ಬ್ಯಾರೆಲ್ ಮೇಲಿನ ಅಕ್ಷರ ಅಳಿಸುತ್ತದೆ, ಆ ಅಕ್ಷರ ಹೋದರೆ ಪೆನ್ನು ಯಾವುದು, ಯಾವ ವರ್ಷದ್ದು ಅಂತ ಹೇಳುವ ಗುರುತೇ ಹೋಯಿತು. ಎಬೊನೈಟ್ ಅನ್ನುವ ಗಟ್ಟಿ ರಬ್ಬರಿನ ಪೆನ್ನನ್ನು ಬಿಸಿನೀರಿಗೆ ಹಾಕಿದರೆ ಕಪ್ಪು ಹೋಗಿ ಕಂದು ಆಗುತ್ತದೆ. ಸೆಲ್ಯುಲಾಯ್ಡ್ ಅನ್ನುವ ಹಳೆ ಕಾಲದ ಪ್ಲಾಸ್ಟಿಕ್ಕಿಗೆ ಸ್ಪಿರಿಟ್ ತಾಗಿದರೆ ಮೇಲ್ಮೈ ಕರಗುತ್ತದೆ, ಬೆಂಕಿ ಹತ್ತಿರ ಹಿಡಿದರೆ ಹತ್ತಿಕೊಂಡು ಉರಿಯುತ್ತದೆ. ಇಂಥ ಸಲಹೆ ಕೊಡುವ ಮಾರಾಟಗಾರ ತನ್ನ ಪೆನ್ನುಗಳಿಗೂ ಇದನ್ನೇ ಮಾಡಿರುತ್ತಾನೆ. ಅವನ ಹತ್ತಿರ ಫಳಫಳ ಹೊಳೆಯುವ ಹಳೆ ಪೆನ್ನು ಕಂಡರೆ ಮೊದಲು ಅಕ್ಷರ ಉಳಿದಿದೆಯಾ ಅಂತ ಕೇಳಿ.

ಪ್ರಶ್ನೆ: ದುಡ್ಡು ಕಳಿಸಿಯಾಯಿತು, ಈಗ ಫೋನ್ ತೆಗೆಯುತ್ತಿಲ್ಲ. 'ರೀಫಂಡ್ ಕೊಡ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಅಂತ ಮೆಸೇಜ್ ಬಂದಿದೆ.

ಸ್ಕ್ಯಾನ್ ಮಾಡಬೇಡಿ. ದುಡ್ಡು ಪಡೆಯಲು ಯಾವತ್ತೂ ಪಿನ್ ಬೇಕಿಲ್ಲ, ಪಿನ್ ಹಾಕಿದರೆ ಇನ್ನಷ್ಟು ಹೋಗುತ್ತದೆ. ಇದನ್ನು ಓದಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದರೆ ಆ ಖಾತೆಯಲ್ಲಿ ಉಳಿದಿರುವ ಹಣವನ್ನಾದರೂ ತಡೆಯುವ ಅವಕಾಶ ಇರುತ್ತದೆ. ಚಾಟ್, ಫೋಟೋ, ಯುಪಿಐ ರಸೀದಿ ಯಾವುದನ್ನೂ ಅಳಿಸಬೇಡಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದು ಆಮೇಲೆ ನನಗೆ ಬರೆಯುವವರು ಬಹಳ, ಆ ಎರಡು ದಿನದಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ.