ಅಜ್ಜನ ಕಾರ್ಡುಗಳನ್ನು ಕತ್ತರಿಸಬೇಡಿ

ಯಾದಗಿರಿಯ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಅಂಚೆ ಕಾರ್ಡು, ಕವರುಗಳು ಸಿಕ್ಕಿವೆ, ಸ್ಟಾಂಪು ಕತ್ತರಿಸಿ ಆಲ್ಬಮಿಗೆ ಅಂಟಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ ಸರ್. ಕತ್ತರಿ ದೂರ ಇಡಿ!

ಸ್ಟಾಂಪು ಅಂಟಿಸಿದ್ದಲ್ಲ, ಕಾರ್ಡಿನ ಮೇಲೇ ಅಚ್ಚಾಗಿದ್ದರೆ, ಇಡೀ ಕಾರ್ಡೇ ಸಂಗ್ರಹದ ವಸ್ತು. ನಾನೂ ಹುಡುಗನಾಗಿದ್ದಾಗ ಕಲಬುರಗಿಯಲ್ಲಿ ಹೀಗೇ ಹತ್ತಾರು ಕಾರ್ಡು ಕತ್ತರಿಸಿದ್ದೆ. ಈಗ ಉಳಿದಿರುವುದು ಉಗುರಿನಷ್ಟು ತುಂಡುಗಳು. ಯಾರು ಬರೆದರು, ಯಾವ ಊರಿಗೆ ಹೋಯಿತು, ಎಲ್ಲಾ ಹೋಯ್ತು.

ಮೊದಲು ಅಚ್ಚಾದ ಸ್ಟಾಂಪಿನಲ್ಲಿ ಏನು ಬರೆದಿದೆ ನೋಡಿ. ನಮ್ಮ ಭಾಗ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಅದಕ್ಕೆ ಅದರದೇ ಅಂಚೆ ಇತ್ತು. ಉರ್ದು ಅಕ್ಷರ ಇದ್ದರೆ ಅದನ್ನು ಬೇರೆ ಇಡಿ. ಬ್ರಿಟಿಷ್ ಇಂಡಿಯಾದ ಕಾರ್ಡು 1879ರಲ್ಲಿ ಕಾಲಾಣೆ ಬೆಲೆಗೆ ಶುರುವಾಯಿತು, ಅದೂ ಸಿಗಬಹುದು. ಊರಿನ ಮೊಹರು ಸ್ಪಷ್ಟವಾಗಿದ್ದರೆ ನನಗಂತೂ ಸ್ಟಾಂಪಿಗಿಂತ ಅದೇ ಇಷ್ಟ. 'ಗುಲ್ಬರ್ಗಾ' ಅಂತ ಓದಲು ಬಂದರೆ ಫೋಟೋ ಹಾಕಿ.

ನೀರಲ್ಲಿ ನೆನೆಸಬೇಡಿ, ಶಾಯಿ ಹರಡುತ್ತದೆ. ಟೇಪು, ಗೋಂದು ಮುಟ್ಟಿಸಬೇಡಿ. ನಮ್ಮ ಬೇಸಿಗೆಗೆ ಪತ್ರಾಸಿನ (ತಗಡಿನ ಚಾವಣಿಯ) ಕೆಳಗೆ ಕಾಗದ ಹಪ್ಪಳದಂತಾಗುತ್ತದೆ, ಟ್ರಂಕನ್ನು ಒಳಕೋಣೆಗೆ ತನ್ನಿ.