‘ಉಚಿತ’ ಎಂಬ ಪದದಿಂದಲೇ ತಿದ್ದಬೇಕಾದ ಲೇಖನ

ಮಾನ್ಯರೇ,

‘ಉಚಿತ ತಂತ್ರಾಂಶವೆಂಬ ಮಹಾದಾನ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ತೊಡಕು ಶೀರ್ಷಿಕೆಯಲ್ಲಿಯೇ ಇದೆ. ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಪದ ಬೆಲೆಯಿಲ್ಲದ್ದಕ್ಕೂ ಬಂಧನವಿಲ್ಲದ್ದಕ್ಕೂ ಸಲ್ಲುವುದರಿಂದ, ಸ್ವತಂತ್ರ ತಂತ್ರಾಂಶ ಚಳವಳಿಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್‌ಮನ್ ಅದನ್ನು ದಶಕಗಳಿಂದ ಬಿಡಿಸಿ ಹೇಳುತ್ತಲೇ ಬಂದಿದ್ದಾರೆ. ಕನ್ನಡದಲ್ಲಿ ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಹೀಗಿರುವಾಗ ‘ಉಚಿತ’ ಎಂದು ಬರೆದು, ನಮ್ಮಲ್ಲಿ ಇಲ್ಲದ ಗೊಂದಲವನ್ನು ನೀವೇಕೆ ಹೊತ್ತು ತರಬೇಕು? ಅದೇ ಸ್ಟಾಲ್‌ಮನ್ 1985ರಲ್ಲಿ ಇಮ್ಯಾಕ್ಸ್ ಎಂಬ ಪಠ್ಯ ತಿದ್ದುವ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಕೊಂಡವರು ಅದನ್ನು ತಿದ್ದಬಹುದಿತ್ತು, ನಕಲು ಮಾಡಿ ಹಂಚಬಹುದಿತ್ತು.

‘ಯಾರೂ ಹಣ ಮಾಡದಂತೆ ಜಿಪಿಎಲ್ ತಡೆದದ್ದರಿಂದಲೇ ಲಿನಕ್ಸ್ ಬೆಳೆಯಿತು’ ಎಂದು ಬರೆದಿದ್ದೀರಿ. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಜಿಪಿಎಲ್ ಎಂದರೆ ಸ್ವತಂತ್ರ ತಂತ್ರಾಂಶದ ಒಂದು ಪರವಾನಗಿ. ನಡೆದದ್ದು ನೀವು ಬರೆದದ್ದಕ್ಕೆ ತೀರ ವಿರುದ್ಧ. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ತಾವು ಬರೆದ ಲಿನಕ್ಸನ್ನು ಮೊದಲು ಬಿಡುಗಡೆ ಮಾಡಿದಾಗಿನ ಪರವಾನಗಿಯೇ ಹಣ ಪಡೆಯುವುದನ್ನು, ಹಂಚಿಕೆಯ ಖರ್ಚನ್ನು ವಸೂಲು ಮಾಡುವುದನ್ನೂ ಸೇರಿಸಿ, ನಿಷೇಧಿಸಿತ್ತು. ಹಾಗಾದರೆ ಫ್ಲಾಪಿಗೆ ತುಂಬಿ ಹಂಚುವವರಿಗೆ ಫ್ಲಾಪಿಯ ದುಡ್ಡೂ ಹುಟ್ಟುವುದಿಲ್ಲ. 1992ರಲ್ಲಿ ಅವರು ಜಿಪಿಎಲ್‌ಗೆ ಬದಲಾಯಿಸಿದಾಗ ಹಣದ ಮೇಲಿನ ನಿರ್ಬಂಧ ಹೋಯಿತು, ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕೊಡಬೇಕೆಂಬ ಷರತ್ತು ಉಳಿಯಿತು. ಲಿನಕ್ಸನ್ನೇ ನೆಚ್ಚಿ ವ್ಯಾಪಾರ ಮಾಡಿದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು.

ನಿಜವಾದ ಜಗಳವನ್ನು ನೀವು ಮುಟ್ಟಿಯೇ ಇಲ್ಲ. ಜಿಪಿಎಲ್‌ನ ಷರತ್ತು ಜಾರಿಯಾಗುವುದು ಪ್ರತಿಯನ್ನು ಇನ್ನೊಬ್ಬರಿಗೆ ಕೊಟ್ಟಾಗ. ತಿದ್ದಿದ ತಂತ್ರಾಂಶವನ್ನು ತನ್ನ ಸರ್ವರಿನಲ್ಲಿಯೇ ಇಟ್ಟುಕೊಂಡು ಸೇವೆಯನ್ನಷ್ಟೇ ಮಾರುವ ಕ್ಲೌಡ್ ಕಂಪನಿಗೆ ಅದು ತಾಗುವುದಿಲ್ಲ. ಆ ಸಂದನ್ನು ಮುಚ್ಚಲೆಂದು 2007ರಲ್ಲಿ ಇಂದಿನ ರೂಪದ ಎಜಿಪಿಎಲ್ ಪರವಾನಗಿ ಬಂತು. ಅದೂ ಸಾಲದೆಂದು 2018ರಲ್ಲಿ ಮಾಂಗೋಡಿಬಿ ಎಂಬ ಡೇಟಾಬೇಸ್ ಕಂಪನಿ ಇನ್ನೂ ಬಿಗಿಯಾದ ತನ್ನದೇ ಪರವಾನಗಿಯನ್ನು ಬರೆದುಕೊಂಡಿತು. ದುಡಿದವರಿಗೆ ಕೂಲಿ ಹೇಗೆ ಸಿಗಬೇಕೆಂಬ ಪ್ರಶ್ನೆ ಇಲ್ಲಿದೆ. ‘ತ್ಯಾಗ’ ಎಂಬ ಪದವನ್ನು ಹನ್ನೊಂದು ಸಲ ಬಳಸಿದರೂ ಅದಕ್ಕೆ ಉತ್ತರ ಸಿಗದು.

ಆರನೆಯ ಪುಟದಲ್ಲಿ ನಿಮ್ಮೂರಿನ ಡಿಟಿಪಿ ಅಂಗಡಿಯವರ ಪ್ರಸಂಗವನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ: ಫಾಂಟ್ ಮಾಡಿದ ಕಂಪನಿ ಮುಚ್ಚಿತು, ಅದರಲ್ಲಿ ಯಾವ ಅಕ್ಷರಕ್ಕೆ ಯಾವ ಸಂಕೇತ ಎಂಬ ವಿನ್ಯಾಸ ಯಾರಿಗೂ ತಿಳಿಯದು, ಹಳೆಯ ಕಡತಗಳನ್ನು ತೆರೆದರೆ ಅರ್ಥವಾಗದ ಚಿಹ್ನೆಗಳು. ಲೇಖನದ ಜೀವ ಅಲ್ಲಿದೆ; ಅದನ್ನು ಮೊದಲ ಪುಟಕ್ಕೆ ತನ್ನಿ. ಎಷ್ಟು ಪುಸ್ತಕಗಳ ಕಡತಗಳು ಹಾಗೆ ಸಿಕ್ಕಿಬಿದ್ದವು, ಅವರು ಮತ್ತೆ ಟೈಪ್ ಮಾಡಿಸಿದರೋ ಕೈಬಿಟ್ಟರೋ ಎಂಬುದನ್ನು ಅವರನ್ನೇ ಕೇಳಿ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ