ಬೀಗ ಹಾಕಿದ ಮನೆಯೋರು ಯಾವ ಊರಿನ ಲೆಕ್ಕ?

ಪ್ರಶ್ನೆ: ನಮ್ದು ಮೊಳಕಾಲ್ಮೂರು. ನಮ್ಮ ಬೀದೀಲಿ ಹದಿನೆಂಟು ಮನೆ, ಏಳಕ್ಕೆ ಬೀಗ. ಮಗ ಸೊಸೆ ಅಂತ ಎಲ್ಲಾ ಬೆಂಗ್ಳೂರು ಸೇರ್ಕೊಂಡವ್ರೆ. ವೋಟರ್ ಲಿಸ್ಟ್ ನೋಡಿದ್ರೆ ಮಾತ್ರ ಎಲ್ರೂ ಇಲ್ಲೇ ಇದ್ದಂಗೈತೆ. ನಿಜವಾಗ್ಲೂ ಊರಲ್ಲಿ ಎಷ್ಟು ಜನ ಇದೀವಿ ಅಂತ ತಿಳ್ಕೊಳ್ಳೋದು ಹೆಂಗೆ?

ಉತ್ತರ: ಯಜಮಾನ್ರೇ, ವೋಟರ್ ಲಿಸ್ಟಲ್ಲಿ ಹೆಸರು ಒಂದ್ಸಲ ಹತ್ತಿದ್ರೆ ಯಾರಾದ್ರೂ ತೆಗೆಸೋ ತನಕ ಬಹಳ ಸಲ ಅಲ್ಲೇ ಕೂತಿರುತ್ತೆ, ತೆಗೆಸೋಕೆ ಯಾರಿಗೂ ಮನಸಿಲ್ಲ, ಎಲೆಕ್ಷನ್ ನೆಪದಲ್ಲಾದ್ರೂ ಮಕ್ಕಳು ಊರಿಗೆ ಬರ್ತಾರಲ್ಲ. ಜನಗಣತಿ ಹಂಗಲ್ಲ. 2011ರಲ್ಲಿ ಫೆಬ್ರವರಿ 9ರಿಂದ 28ರ ತನಕ ಎಣಿಸಿದ್ರು. ಆ ಇಪ್ಪತ್ತೂ ದಿನ ಮನೆ ಕಡೆ ಸುಳೀದೆ ಇದ್ದೋನು ಎಲ್ಲಿದ್ನೋ ಆ ಊರಿನ ಲೆಕ್ಕ, ಇಲ್ಲಿ ಮನೆ ಐತೆ ಹೊಲ ಐತೆ ಅಂದ್ರೂ ಕೇಳಲ್ಲ. ಅಂದ್ರೆ ನಿಮ್ಮ ಏಳು ಬೀಗದ ಮನೆಯೋರು ಬೆಂಗ್ಳೂರಿನ ಜನಸಂಖ್ಯೆ. 2021ರ ಗಣತಿ ಕೊರೋನಾ ಬಂದು ನಿಂತೋಯ್ತು, ಮುಂದಿನದ್ದು 2027ರ ಮಾರ್ಚ್ 1ರ ಲೆಕ್ಕಕ್ಕೆ, ಅಲ್ಲೀತನಕ ಎಲ್ರ ಬಾಯಲ್ಲೂ ಓಡಾಡೋದು ಅದೇ 2011ರ ನಂಬರ್. ಆಗ ಚಿತ್ರದುರ್ಗ ಜಿಲ್ಲೆ ಪೂರ್ತಿ ಸೇರಿ 16.59 ಲಕ್ಷ.

ಆದ್ರೆ ನನ್ ಕೇಳಿದ್ರೆ ಎಷ್ಟು ಜನ ಅನ್ನೋದಕ್ಕಿಂತ ಯಾವ ವಯಸ್ಸಿನೋರು ಅಂತ ನೋಡ್ಬೇಕು. ನಮ್ಮ ದೊಡ್ಡಮ್ಮ ಇರೋದು ಚಳ್ಳಕೆರೆ ಕಡೆ ಒಂದು ಸಣ್ಣ ಊರಲ್ಲಿ, ಅವ್ರ ಸೊಂಟದ ಗೊಂಚಲಲ್ಲಿ ಅಕ್ಕಪಕ್ಕದ ನಾಲ್ಕು ಮನೆ ಕೀಲಿ ಐತೆ, ಶುಕ್ರವಾರ ಶುಕ್ರವಾರ ಹೋಗಿ ಬಾಗಿಲು ತೆಗೆದು ಕಸ ಹೊಡೆದು ದೀಪ ಹಚ್ಚಿ ಬರ್ತಾರೆ. ಎಪ್ಪತ್ತೆರಡು ವರ್ಷ. ಆ ಬೀದೀಲಿ ಅವ್ರೇ ಗಟ್ಟಿಗಿತ್ತಿ! ಇಪ್ಪತ್ತರಿಂದ ನಲವತ್ತರ ಒಳಗಿನೋರು ಹೋದ್ಮೇಲೆ ಅವ್ರಿಗೆ ಹುಟ್ಟೋ ಮಕ್ಕಳೂ ಅಲ್ಲೇ ಹುಟ್ತಾವೆ ನೋಡ್ರಿ, ಹಂಗಾಗಿ ಊರಿಗೆ ಎರಡು ಸಲ ಖೋತಾ. ಅದರ ಮೇಲೆ ಎಲ್ಲಾ ಕಡೆ ಹೆರೋದೇ ಕಮ್ಮಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಮಗಳಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಷ್ಟೇ ಇರ್ಬೇಕು ಅಂದ್ರೂ 2.1 ಬೇಕು. ಇನ್ನು ನಿಮ್ಮೂರು ರೇಷ್ಮೆ ಸೀರೆ ಊರು, ಮಗ್ಗ ಬಿಟ್ಟು ಎದ್ದೋದೋನ ಜಾಗಕ್ಕೆ ಹೊಸಬ ಬಂದು ಕೂರ್ಲಿಲ್ಲ ಅಂದ್ರೆ ಲಾಳಿ ಸದ್ದೂ ನಿಲ್ಲುತ್ತೆ. ಊರು ಎಷ್ಟು ಪ್ರಶಾಂತವಾಗೈತೆ ಅಂತ ಬಂದ ನೆಂಟ್ರು ಹೊಗಳ್ತಾರಲ್ಲ, ನಂಗೆ ಮೈ ಉರಿಯುತ್ತೆ.

ಪ್ರಶ್ನೆ: ಸೊಸೆ ನಮ್ದು ಹಳ್ಳಿ ಅಂತಾಳೆ, ನಾವು ಪೇಟೆ ಅಂತೀವಿ. ಯಾರು ಸರಿ?

ಉತ್ತರ: ತಾಯಿ, ಊರಿನ ಹೆಸರು ಬರೆದಿದ್ರೆ ಪಕ್ಕಾ ಹೇಳ್ತಿದ್ದೆ. ಪಟ್ಟಣ ಪಂಚಾಯ್ತಿ ಇದ್ರೆ ನೀವು ಗೆದ್ರಿ. ಇಲ್ದಿದ್ರೂ ಜನಗಣತಿಯೋರ ಲೆಕ್ಕದಲ್ಲಿ ಪಟ್ಟಣ ಅನ್ನಿಸ್ಕೋಬೋದು, 5,000 ಜನ ಇರ್ಬೇಕು, ಒಂದು ಚದರ ಕಿಲೋಮೀಟರಿಗೆ 400 ಜನರಾದ್ರೂ ಇರ್ಬೇಕು, ಮತ್ತೆ ದುಡಿಯೋ ಗಂಡಸ್ರಲ್ಲಿ ನೂರಕ್ಕೆ 75 ಜನ ಹೊಲಗದ್ದೆ ಬಿಟ್ಟು ಬೇರೆ ಕೆಲಸದಲ್ಲಿರ್ಬೇಕು. ಬಹಳ ಊರು ಎಡವೋದು ಇಲ್ಲೇ, ಅಂಗಡಿ ಇಟ್ಟೋನೂ ಮಳೆ ಬಿದ್ರೆ ಶೇಂಗಾ ಬಿತ್ತಕ್ಕೆ ಹೋಗ್ತಾನಲ್ಲ! ಸೊಸೆ ಹತ್ರ ಜಾಸ್ತಿ ವಾದ ಬೇಡ ಬಿಡಿ.

ಪ್ರಶ್ನೆ: ನಮ್ಮ ಕಡೆ ದೊಡ್ಡ ಪಟ್ಟಣ ಯಾವತ್ತೂ ಇರ್ಲೇ ಇಲ್ವಾ ಸಾರ್? (ಮೊಳಕಾಲ್ಮೂರು ತಾಲೂಕಿನ ಕಾಲೇಜು ಹುಡುಗ)

ಉತ್ತರ: ಇತ್ತಪ್ಪಾ, ನಿಮ್ಮ ತಾಲೂಕಲ್ಲೇ. ಸಿದ್ದಾಪುರ, ಬ್ರಹ್ಮಗಿರಿ ಹತ್ರ ಅಶೋಕನ ಶಾಸನ ಐತೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಅಶೋಕನ ದಕ್ಷಿಣ ಸೀಮೆಯ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಇಸಿಲ ಅನ್ನೋ ಪಟ್ಟಣದ ಮಹಾಮಾತ್ರರಿಗೆ, ಅಂದ್ರೆ ದೊಡ್ಡ ಅಧಿಕಾರಿಗಳಿಗೆ, ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ರಾಜಾಜ್ಞೆ ಹೇಳಿರೋದು. ಆ ಇಸಿಲ ಈಗಿನ ಬ್ರಹ್ಮಗಿರಿ ಸುತ್ತಲ ಜಾಗವೇ ಅಂತಾರೆ, ಈಗ ಅಲ್ಲಿ ಬಂಡೆ, ಹೊಲ, ಕುರಿ. ಶಾಸನ ಬರೆದೋನ ಹೆಸರು ಚಪಡ. ಪೂರ್ತಿ ಬ್ರಾಹ್ಮಿ ಲಿಪೀಲಿ ಬರೆದು ಕೊನೇಲಿ ಲಿಪಿಕಾರ ಅನ್ನೋ ಮಾತೊಂದನ್ನ ಮಾತ್ರ ಖರೋಷ್ಠಿ ಅನ್ನೋ ಬೇರೆ ಲಿಪೀಲಿ ಹಾಕವ್ನೆ. ಖರೋಷ್ಠಿ ಆಗ ಓಡ್ತಿದ್ದಿದ್ದು ಗಾಂಧಾರದ ಕಡೆ, ಈಗಿನ ಪೇಶಾವರ ಸೀಮೆ. ಬಹುಶಃ ಅಲ್ಲಿಂದ ಕೆಲಸಕ್ಕೆ ಅಂತ ಇಲ್ಲೀಗಂಟ ಬಂದಿದ್ದ ಪುಣ್ಯಾತ್ಮ.